ಹೆಬ್ಬೆರಳಿನ ಗಾಯ: ಮನೆ ಆರೈಕೆಯ ಸೂಚನೆಗಳ ಹಿಂದಿರುವ ಚರಿತ್ರೆ

ಕಾಲಿನ ಹೆಬ್ಬೆರಳಿನ ಉಗುರಿನ ಅಂಚು ಪಕ್ಕದ ಮಾಂಸಕ್ಕೆ ಚುಚ್ಚಿಕೊಂಡು ಬೆಳೆಯುವುದು ಬಹಳ ಜನರನ್ನು ಕಾಡುವ ತೊಂದರೆ. ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ, ಕೀವು ತುಂಬುತ್ತದೆ, ಹೊದಿಕೆ ತಗುಲಿದರೂ ಜೀವ ಹೋದಂತಾಗುತ್ತದೆ. ಆಡುಮಾತಿನಲ್ಲಿ ಇದನ್ನೂ ಉಗುರುಸುತ್ತು ಎಂದೇ ಕರೆಯುವುದುಂಟು. ಸರಳ ಉಪಚಾರಗಳಿಂದ ವಾಸಿಯಾಗದಿದ್ದಾಗ ವೈದ್ಯರು ಬೆರಳನ್ನು ಮರಗಟ್ಟಿಸಿ, ಚುಚ್ಚುತ್ತಿರುವ ಉಗುರಿನ ಪಟ್ಟಿಯನ್ನಷ್ಟೇ ಸೀಳಿ ತೆಗೆಯುತ್ತಾರೆ. ಇದು ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ರೋಗಿ ಅದೇ ದಿನ ಮನೆಗೆ ಹೋಗಬಹುದು. ಆದರೆ ಗಾಯ ಮಾಯಲು ಕೆಲವು ವಾರಗಳೇ ಬೇಕು. ಆ ವಾರಗಳೆಲ್ಲ ಕಳೆಯುವುದು ಮನೆಯಲ್ಲಿ, ಮನೆಯವರ ಕೈಯಲ್ಲಿ.

ಹೊರಡುವ ಮುನ್ನ ರೋಗಿಗೆ ಕೆಲವು ಸೂಚನೆಗಳು ಸಿಗುತ್ತವೆ. ಕಾಲನ್ನು ಎತ್ತರದಲ್ಲಿಡಿ, ಪಟ್ಟಿಯನ್ನು ಬಿಗಿಯಾಗಿ ಕಟ್ಟಬೇಡಿ, ಕೈ ತೊಳೆದು ಗಾಯ ಮುಟ್ಟಿ, ಶುದ್ಧ ನೀರಿನಿಂದ ತೊಳೆಯಿರಿ, ಗಾಯ ಒಣಗಿ ಹಕ್ಕಳೆಗಟ್ಟಲು ಬಿಡಬೇಡಿ, ಬಿಗಿಯಾದ ಷೂ ಬೇಡ. ಇವುಗಳ ಕಾರಣವನ್ನು ವಿವರಿಸುವಷ್ಟು ಬಿಡುವು ಆಸ್ಪತ್ರೆಯಲ್ಲಿ ಯಾರಿಗೂ ಇರುವುದಿಲ್ಲ. ಕಾರಣ ತಿಳಿಯದ ಸೂಚನೆ ಮನೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ‘ಗಾಳಿಗೆ ಬಿಡು, ಬೇಗ ಒಣಗುತ್ತೆ’ ಎನ್ನುವವರು ಒಬ್ಬರು, ‘ನಿಂಬೆಹಣ್ಣು ಸಿಕ್ಕಿಸು’ ಎನ್ನುವವರು ಇನ್ನೊಬ್ಬರು, ನೊರೆ ಬರುವ ಔಷಧಿಯನ್ನು ಸುರಿಯುವವರು ಮತ್ತೊಬ್ಬರು. ಆರೋಗ್ಯವಂತರಲ್ಲಿ ಇದರಿಂದ ಆಗುವ ನಷ್ಟ ಕೆಲವು ದಿನಗಳ ವಿಳಂಬ ಅಥವಾ ನೋವು. ಮಧುಮೇಹ ಇರುವವರಲ್ಲಿ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಮೇಲಿನ ಪ್ರತಿಯೊಂದು ಸೂಚನೆಯ ಹಿಂದೆಯೂ ಒಂದು ಮಾಪನವೋ ಪ್ರಯೋಗವೋ ಇದೆ. ಕೆಲವು ಸೂಚನೆಗಳಂತೂ ನೂರು ವರ್ಷಗಳ ಹಿಂದಿನ ನಂಬಿಕೆಗೆ ತೀರ ವಿರುದ್ಧವಾದವು. ಆ ಬದಲಾವಣೆ ಹೇಗಾಯಿತು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಶಸ್ತ್ರಚಿಕಿತ್ಸೆ ಬೆಳೆದು ಬಂದ ಬಗೆ

ಉಗುರು ಮಾಂಸಕ್ಕೆ ಚುಚ್ಚಿಕೊಳ್ಳುವ ಬೇನೆ ಹೊಸದಲ್ಲ. ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜೈನಾದ ಪಾಲ್ ಮತ್ತು ಸುಮಾರು ಸಾವಿರನೆಯ ಇಸವಿಯ ಹೊತ್ತಿಗೆ ಸ್ಪೇನಿನ ಕಾರ್ಡೊಬಾದಲ್ಲಿದ್ದ ಅರಬ್ ವೈದ್ಯ ಅಲ್ ಜಹ್ರಾವಿ, ಇಬ್ಬರೂ ಇದರ ಶಸ್ತ್ರಚಿಕಿತ್ಸೆಯನ್ನು ತಮ್ಮ ಗ್ರಂಥಗಳಲ್ಲಿ ಪ್ರಸ್ತಾಪಿಸಿದ್ದಾರೆ. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ರೋಗಿ ಪಡುತ್ತಿದ್ದ ಯಾತನೆಯನ್ನು ಊಹಿಸಬಹುದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ದ್ರಾವಣ ಬಳಸಿ, ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸಬಹುದೆಂದು ತೋರಿಸಿಕೊಟ್ಟ. ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ಲಿಗ್ನೊಕೇನನ್ನು ಸಂಶ್ಲೇಷಿಸಿದರು. ಇಂದು ಹೆಬ್ಬೆರಳಿನ ಬುಡಕ್ಕೆ ಚುಚ್ಚುವ ಮದ್ದು ಸಾಮಾನ್ಯವಾಗಿ ಇದೇ.

ಉಗುರನ್ನು ಕಿತ್ತರಷ್ಟೇ ಸಾಲದು, ಅದನ್ನು ಬೆಳೆಸುವ ಬುಡದ ಅಂಗಾಂಶ ಉಳಿದರೆ ಅದು ಮತ್ತೆ ಬೆಳೆದು ಮತ್ತೆ ಚುಚ್ಚುತ್ತದೆ ಎಂಬುದು ವೈದ್ಯರಿಗೆ ಅನುಭವದಿಂದ ಗೊತ್ತಾಗಿತ್ತು. 1929ರಲ್ಲಿ ಅಮೆರಿಕದ ವಿನೊಗ್ರಾಡ್, ಉಗುರಿನ ಒಂದು ಪಕ್ಕವನ್ನು ಅದರ ಬುಡದ ಸಮೇತ ಕತ್ತರಿಸಿ ತೆಗೆಯುವ ವಿಧಾನವನ್ನು ಪ್ರಕಟಿಸಿದ. 1950ರಲ್ಲಿ ಇಂಗ್ಲೆಂಡಿನ ಜಾಡಿಕ್ ಇಡೀ ಉಗುರಿನ ಬುಡವನ್ನು ತೆಗೆಯುವ ವಿಧಾನವನ್ನು ವಿವರಿಸಿದ. ಇವೆರಡರ ನಡುವೆ, 1945ರಲ್ಲಿ, ಅಮೆರಿಕದ ಪಾದಚಿಕಿತ್ಸಕ ಆಟೊ ಬೋಲ್ ಇನ್ನೊಂದು ದಾರಿ ತೋರಿಸಿದ. ಬುಡವನ್ನು ಕತ್ತರಿಸುವ ಬದಲು ಫೀನಾಲ್ ಎಂಬ ರಾಸಾಯನಿಕವನ್ನು ಸವರಿ ಸುಟ್ಟುಬಿಡುವುದು ಆ ದಾರಿ. ಇಂದು ಜಗತ್ತಿನಾದ್ಯಂತ ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನಗಳಲ್ಲಿ ಇದೂ ಒಂದು.

ಒಂದೇ ರಾಸಾಯನಿಕ, ಎರಡು ಪಾತ್ರ

ಫೀನಾಲಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1834ರಲ್ಲಿ ಜರ್ಮನಿಯ ರಂಗ ಇದನ್ನು ಕಲ್ಲಿದ್ದಲಿನ ಡಾಂಬರಿನಿಂದ ಬೇರ್ಪಡಿಸಿದ. ಕಾರ್ಬಾಲಿಕ್ ಆಮ್ಲ ಎಂಬುದು ಇದರ ಹಳೆಯ ಹೆಸರು. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ವಾಸನೆ ತಡೆಯಲು ಇದನ್ನು ಬಳಸಿದ ಸುದ್ದಿ ಗ್ಲಾಸ್ಗೊದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನ ಗಮನಕ್ಕೆ ಬಂತು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣ ಎಂಬ ಪಾಶ್ಚರನ ವಾದವನ್ನು ಲಿಸ್ಟರ್ ಆಗಲೇ ಓದಿದ್ದ. 1865ರ ಆಗಸ್ಟ್ 12ರಂದು ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲಿನ ಮೂಳೆ ಮುರಿದು ಚರ್ಮ ಸೀಳಿದ್ದ 11 ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಕಟ್ಟಿದ. ಅಂಥ ಗಾಯಗಳಾದರೆ ಕಾಲನ್ನೇ ಕತ್ತರಿಸಬೇಕಾಗುತ್ತಿದ್ದ ಕಾಲ ಅದು. ಸುಮಾರು ಆರು ವಾರಗಳಲ್ಲಿ ಹುಡುಗ ಗುಣವಾದ. 1867ರಲ್ಲಿ ಲಿಸ್ಟರ್ ತನ್ನ ಅನುಭವಗಳನ್ನು ಪ್ರಕಟಿಸಿದ.

ಆದರೆ ಕಾರ್ಬಾಲಿಕ್ ಆಮ್ಲ ಸೂಕ್ಷ್ಮಜೀವಿಗಳನ್ನು ಮಾತ್ರವಲ್ಲ, ಚರ್ಮವನ್ನೂ ಸುಡುತ್ತದೆ. ಲಿಸ್ಟರ್ ಶಸ್ತ್ರಚಿಕಿತ್ಸೆಯ ಕೋಣೆಯ ಗಾಳಿಗೆ ಇದನ್ನು ತುಂತುರಾಗಿ ಸಿಂಪಡಿಸುತ್ತಿದ್ದ. ಅದರಿಂದ ಪ್ರಯೋಜನವಿಲ್ಲವೆಂದು ಮನಗಂಡು ಕೊನೆಗೆ ಕೈಬಿಟ್ಟ. 1890ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಅದನ್ನು ಬಹಿರಂಗವಾಗಿಯೇ ಹೇಳಿದ. ಅಂಗಾಂಶವನ್ನು ಸುಡುವ ಈ ದೋಷವನ್ನೇ ಬೋಲ್ ಗುಣವಾಗಿ ಬಳಸಿಕೊಂಡ. ಗಾಯವನ್ನು ಕಾಪಾಡಲು ಬಂದ ರಾಸಾಯನಿಕ ಉಗುರಿನ ಬುಡವನ್ನು ನಾಶಮಾಡುವ ಸಾಧನವಾಯಿತು.

ಮನೆಯಲ್ಲಿ ಆರೈಕೆ ಮಾಡುವವರು ಇದನ್ನು ತಿಳಿದಿರಬೇಕು. ಫೀನಾಲ್ ಸವರಿದ ಬೆರಳಿನಲ್ಲಿರುವುದು ಚಾಕುವಿನ ಗಾಯ ಮಾತ್ರವಲ್ಲ, ಅದೊಂದು ರಾಸಾಯನಿಕ ಸುಟ್ಟಗಾಯವೂ ಹೌದು. ಆದ್ದರಿಂದ ಎರಡರಿಂದ ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ತಿಳಿಹಳದಿ ಬಣ್ಣದ ನೀರಿನಂಥ ರಸ ಒಸರುತ್ತದೆ. ಇದು ಕೀವಲ್ಲ. ಇದನ್ನು ಕಂಡು ಗಾಬರಿಯಾಗಿ ಉಳಿದಿದ್ದ ಹಳೆಯ ಪ್ರತಿಜೈವಿಕ ಮಾತ್ರೆಗಳನ್ನು ನುಂಗುವುದು ಸಲ್ಲದು. ಯಾವ ವಿಧಾನದಿಂದ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಾಲನ್ನು ಏಕೆ ಎತ್ತರದಲ್ಲಿಡಬೇಕು?

ಮೊದಲ ಎರಡು ದಿನ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಬೇಕೆಂಬ ಸೂಚನೆಯ ಮೂಲ ದ್ರವಸ್ಥಿತಿಶಾಸ್ತ್ರದಲ್ಲಿದೆ. ರಕ್ತಕ್ಕೆ ಒತ್ತಡವಿದೆ ಎಂಬುದನ್ನು ಮೊದಲು ಅಳೆದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಅವನು 1733ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕುದುರೆಯ ಅಪಧಮನಿಗೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದ ಪ್ರಯೋಗವಿದೆ. ರಕ್ತ ಅದರಲ್ಲಿ 8 ಅಡಿಗಿಂತ ಮೇಲೇರಿತು. ಅಷ್ಟುದ್ದದ ನಳಿಗೆಯೊಂದಿಗೆ ಕೆಲಸ ಮಾಡುವುದು ಕಷ್ಟ. 1828ರಲ್ಲಿ ಫ್ರಾನ್ಸಿನ ಪ್ವಾಸ್ಯೂ ರಕ್ತದ ಬದಲು ಪಾದರಸದ ಕಂಬವನ್ನು ಬಳಸಿದ. ರಕ್ತದೊತ್ತಡವನ್ನು ಇಂದಿಗೂ ಮಿಲಿಮೀಟರ್ ಪಾದರಸದಲ್ಲಿ ಹೇಳುವುದು ಅಲ್ಲಿಂದ ಬಂದ ರೂಢಿ.

ಈಗ ಒಂದು ಸರಳ ಲೆಕ್ಕ ಮಾಡೋಣ. ನಿಂತಿರುವ ವಯಸ್ಕರಲ್ಲಿ ಹೃದಯದಿಂದ ಹೆಬ್ಬೆರಳಿಗೆ ಸುಮಾರು 1.2 ಮೀಟರ್ ಎತ್ತರದ ರಕ್ತದ ಕಂಬವಿರುತ್ತದೆ. ರಕ್ತದ ಸಾಂದ್ರತೆ ಘನ ಮೀಟರಿಗೆ 1060 ಕಿಲೋಗ್ರಾಂ, ಗುರುತ್ವ ವೇಗೋತ್ಕರ್ಷ 9.8. ಈ ಮೂರನ್ನೂ ಗುಣಿಸಿದರೆ ಸುಮಾರು 12,500 ಪಾಸ್ಕಲ್, ಅಂದರೆ ಸುಮಾರು 94 ಮಿಲಿಮೀಟರ್ ಪಾದರಸದಷ್ಟು ಹೆಚ್ಚುವರಿ ಒತ್ತಡ ಬೆರಳಿನ ರಕ್ತನಾಳಗಳಲ್ಲಿ ಬೀಳುತ್ತದೆ. ಮಲಗಿ ಕಾಲನ್ನು ಹೃದಯದ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಮೇಲಕ್ಕೋ ತಂದರೆ ಈ ಹೆಚ್ಚುವರಿ ಒತ್ತಡ ಇಲ್ಲವಾಗುತ್ತದೆ.

ಒತ್ತಡಕ್ಕೂ ಊತಕ್ಕೂ ಇರುವ ಸಂಬಂಧವನ್ನು 1896ರಲ್ಲಿ ವಿವರಿಸಿದವನು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್. ಲೋಮನಾಳಗಳೊಳಗಿನ ಒತ್ತಡ ದ್ರವವನ್ನು ಹೊರಕ್ಕೆ ತಳ್ಳುತ್ತದೆ; ರಕ್ತದಲ್ಲಿರುವ ಪ್ರೋಟೀನುಗಳ ಪರಾಸರಣ ಒತ್ತಡ ಅದನ್ನು ಒಳಗೆ ಹಿಡಿದಿಡುತ್ತದೆ. ತಳ್ಳುವ ಒತ್ತಡ ಹೆಚ್ಚಾದರೆ ದ್ರವ ಅಂಗಾಂಶಕ್ಕೆ ಸೋರಿ ಊತ ಉಂಟಾಗುತ್ತದೆ. 1930ರಲ್ಲಿ ಯೂಜಿನ್ ಲ್ಯಾಂಡಿಸ್ ಅತಿ ಸಣ್ಣ ಗಾಜಿನ ನಳಿಗೆಯನ್ನು ಮನುಷ್ಯರ ಕೈಬೆರಳಿನ ಉಗುರಿನ ಬುಡದ ಲೋಮನಾಳಗಳಿಗೇ ತೂರಿಸಿ ಒತ್ತಡವನ್ನು ನೇರವಾಗಿ ಅಳೆದ. ಕೈ ಹೃದಯದ ಮಟ್ಟದಲ್ಲಿದ್ದಾಗ ಅಪಧಮನಿಯ ಕಡೆಯ ತುದಿಯಲ್ಲಿ ಸರಾಸರಿ 32, ಅಭಿಧಮನಿಯ ಕಡೆಯ ತುದಿಯಲ್ಲಿ 12 ಮಿಲಿಮೀಟರ್ ಪಾದರಸ ಇತ್ತು. ಇಷ್ಟು ಸೂಕ್ಷ್ಮವಾದ ಸಮತೋಲಕ್ಕೆ 94 ಮಿಲಿಮೀಟರಿನ ಕಂಬ ದೊಡ್ಡ ಹೊರೆ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವುದರಿಂದ ಅಭಿಧಮನಿಗಳ ಒತ್ತಡ ಕಡಿಮೆಯಾಗುತ್ತದೆ. ಆದರೆ ಹೊಸ ಗಾಯವಿರುವ ಬೆರಳಿನೊಂದಿಗೆ ಹೆಚ್ಚು ನಡೆಯಲು ಆಗುವುದಿಲ್ಲ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊತ, ಮಿಡಿಯುವ ನೋವು ಎರಡೂ ಹೆಚ್ಚುತ್ತವೆ. ಕಾಲಿನ ಅಪಧಮನಿಗಳು ಕಿರಿದಾಗಿರುವ ರೋಗವುಳ್ಳವರಿಗೆ ಮಾತ್ರ ಕಾಲು ಎತ್ತಿಡುವುದರಿಂದ ರಕ್ತಪೂರೈಕೆ ಇನ್ನಷ್ಟು ಕಡಿಮೆಯಾಗಬಹುದು. ಅಂಥವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಪಟ್ಟಿಯ ಬಿಗಿತಕ್ಕೂ ಇದೇ ಅಂಕಿಗಳು ಅನ್ವಯಿಸುತ್ತವೆ. ಬಾಗಿದ ಮೇಲ್ಮೈಯನ್ನು ಸುತ್ತಿದ ಪದರ ಒಳಕ್ಕೆ ಒತ್ತುವ ಒತ್ತಡವು ಸೆಳೆತಕ್ಕೆ ನೇರ ಅನುಪಾತದಲ್ಲೂ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಥಾಮಸ್ ಯಂಗ್ 1805ರಲ್ಲಿ ಮತ್ತು ಲಾಪ್ಲಾಸ್ 1806ರಲ್ಲಿ ದ್ರವಗಳ ಮೇಲ್ಮೈ ಸೆಳೆತದ ಬಗ್ಗೆ ನಡೆಸಿದ ಅಧ್ಯಯನಗಳಿಂದ ಬಂದ ನಿಯಮವಿದು. 8 ಸೆಂಟಿಮೀಟರ್ ತ್ರಿಜ್ಯದ ತೊಡೆಗೆ ಹಿತವೆನಿಸುವ ಸೆಳೆತದಲ್ಲೇ 1 ಸೆಂಟಿಮೀಟರ್ ತ್ರಿಜ್ಯದ ಬೆರಳಿಗೆ ಪಟ್ಟಿ ಸುತ್ತಿದರೆ ಒತ್ತಡ ಎಂಟರಷ್ಟಾಗುತ್ತದೆ. ಸುತ್ತು ಹೆಚ್ಚಿದಂತೆ ಅದು ಇನ್ನೂ ಏರುತ್ತದೆ. ಲೋಮನಾಳದ ಒತ್ತಡವನ್ನು ಮೀರಿದರೆ ರಕ್ತ ಹರಿಯುವುದು ನಿಲ್ಲುತ್ತದೆ. ಪಟ್ಟಿ ಕಟ್ಟಿದ ಮೇಲೆ ಬೆರಳಿನ ತುದಿಯನ್ನು ಒತ್ತಿ ಬಿಟ್ಟು ನೋಡಬೇಕು. ಬಿಳಿಚಿದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಮೊದಲಿನ ಬಣ್ಣಕ್ಕೆ ಬಾರದಿದ್ದರೆ ಅಥವಾ ಬೆರಳು ನೀಲಿಗಟ್ಟಿದರೆ ಪಟ್ಟಿಯನ್ನು ಕೂಡಲೇ ಸಡಿಲಿಸಬೇಕು.

ಕೈ, ನೀರು ಮತ್ತು ನೊರೆ

ಗಾಯ ಮುಟ್ಟುವ ಮುನ್ನ ಕೈ ತೊಳೆಯಬೇಕೆಂಬುದು ಇಂದು ಮಕ್ಕಳಿಗೂ ಗೊತ್ತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೈದ್ಯರಿಗೆ ಇದು ಗೊತ್ತಿರಲಿಲ್ಲ. ಹಂಗೇರಿ ಮೂಲದ ಸೆಮ್ಮೆಲ್‌ವೈಸ್ ಅಲ್ಲಿ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು ಶೇಕಡಾ 2ಕ್ಕೆ ಇಳಿಯಿತು. ರೋಗಾಣುಗಳ ಸಿದ್ಧಾಂತ ಆಗ ಇನ್ನೂ ನೆಲೆಗೊಂಡಿರಲಿಲ್ಲ. ಎಣಿಕೆಯ ಬಲದಿಂದಲೇ ಅವನು ವಾದಿಸಬೇಕಾಯಿತು, ಬಹುಮಂದಿ ಒಪ್ಪಲಿಲ್ಲ.

ಲಿಸ್ಟರನ ನಂತರ ವೈದ್ಯಲೋಕ ಇನ್ನೊಂದು ತುದಿಗೆ ಹೋಯಿತು. ಎಷ್ಟು ಪ್ರಬಲವಾದ ಕ್ರಿಮಿನಾಶಕವೋ ಗಾಯಕ್ಕೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಬೆಳೆಯಿತು. ಅದನ್ನು ಪ್ರಶ್ನಿಸಿದವನು ಮುಂದೆ ಪೆನಿಸಿಲಿನ್‌ನಿಂದ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬೊಲೋನ್‌ನಲ್ಲಿ ಗಾಯಾಳು ಸೈನಿಕರ ನಡುವೆ ಕೆಲಸ ಮಾಡುತ್ತಿದ್ದಾಗ ಅವನೊಂದು ‘ಗಾಜಿನ ಗಾಯ’ವನ್ನು ತಯಾರಿಸಿದ. ಪ್ರನಾಳವನ್ನು ಕಾಯಿಸಿ ಅದರ ಗೋಡೆಯಿಂದ ಟೊಳ್ಳು ಮುಳ್ಳುಗಳನ್ನು ಎಳೆದ. ಗುಂಡೇಟಿನ ಗಾಯದ ಮೂಲೆಮುಡುಕುಗಳಿಗೆ ಇವು ಮಾದರಿ. ಅದಕ್ಕೆ ರೋಗಾಣುಗಳುಳ್ಳ ದ್ರವ ತುಂಬಿಸಿ, ಚೆಲ್ಲಿ, ಕ್ರಿಮಿನಾಶಕ ಸುರಿದು, ಅದನ್ನೂ ಚೆಲ್ಲಿ, ಮತ್ತೆ ಶುದ್ಧ ದ್ರವ ತುಂಬಿಸಿದ. ಸ್ವಲ್ಪ ಸಮಯದಲ್ಲೇ ರೋಗಾಣುಗಳು ಮತ್ತೆ ಬೆಳೆದವು. ಕ್ರಿಮಿನಾಶಕ ಮುಳ್ಳುಗಳ ಒಳಕ್ಕೆ ತಲುಪಿರಲೇ ಇಲ್ಲ. ಅಷ್ಟೇ ಅಲ್ಲ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳಿಗೆ ಆ ರಾಸಾಯನಿಕಗಳಿಂದ ಹೆಚ್ಚು ಹಾನಿಯಾಗುತ್ತದೆ ಎಂಬುದನ್ನೂ ಅವನು ತೋರಿಸಿದ.

ಮನೆಗಳಲ್ಲಿ ಇಂದಿಗೂ ಬಳಕೆಯಾಗುವ ಹೈಡ್ರೊಜನ್ ಪೆರಾಕ್ಸೈಡನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1818ರಲ್ಲಿ ಫ್ರಾನ್ಸಿನ ಥೆನಾರ್ ತಯಾರಿಸಿದ ಈ ದ್ರವ ಗಾಯಕ್ಕೆ ಬಿದ್ದೊಡನೆ ಬುಸಬುಸನೆ ನೊರೆಯುಕ್ಕುತ್ತದೆ. ರೋಗಾಣುಗಳು ಸಾಯುತ್ತಿರುವುದರ ಗುರುತು ಅದೆಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವವಾಗಿ ನಮ್ಮದೇ ರಕ್ತ ಮತ್ತು ಜೀವಕೋಶಗಳಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುವುದರಿಂದ ಬರುವ ಗುಳ್ಳೆಗಳವು. ಹಸಿ ಆಲೂಗಡ್ಡೆಯ ತುಂಡಿನ ಮೇಲೆ ಒಂದು ತೊಟ್ಟು ಹಾಕಿ ಶಾಲೆಯಲ್ಲೇ ಇದನ್ನು ತೋರಿಸಬಹುದು. ದಿನವೂ ಇದನ್ನು ಸುರಿದರೆ ಗಾಯವನ್ನು ಮುಚ್ಚಲು ಬರುತ್ತಿರುವ ಹೊಸ ಕೋಶಗಳಿಗೂ ಹಾನಿ. ನಿಂಬೆಹಣ್ಣಿನ ಆಮ್ಲಕ್ಕೂ ಇದೇ ಮಾತು. ಅದನ್ನು ತೆರೆದ ಗಾಯಕ್ಕೆ ಸಿಕ್ಕಿಸಬಾರದು. ಬೂದಿ, ಮಣ್ಣು, ಸಗಣಿ ಮುಂತಾದವುಗಳಿಂದ ಧನುರ್ವಾಯುವಿನ ಭಯವಿದೆ. ಆ ರೋಗದ ಬ್ಯಾಕ್ಟೀರಿಯವನ್ನು 1889ರಲ್ಲಿ ಪ್ರತ್ಯೇಕಿಸಿ ಬೆಳೆಸಿದವನು ಜಪಾನಿನ ಕಿಟಸಾಟೊ.

ಹಾಗಾದರೆ ಯಾವುದರಿಂದ ತೊಳೆಯಬೇಕು? ಸಾಮಾನ್ಯ ಗಾಯಗಳನ್ನು ಕುಡಿಯಲು ಯೋಗ್ಯವಾದ ನಲ್ಲಿ ನೀರಿನಿಂದ ತೊಳೆದಾಗ, ಲವಣದ್ರಾವಣದಿಂದ ತೊಳೆದುದಕ್ಕಿಂತ ಸೋಂಕು ಹೆಚ್ಚಿದ್ದಕ್ಕೆ ಹೋಲಿಕೆಯ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ. ಇಲ್ಲಿ ‘ಕುಡಿಯಲು ಯೋಗ್ಯವಾದ’ ಎಂಬ ಮಾತು ಮುಖ್ಯ. ನೀರಿನ ಶುದ್ಧತೆಯ ಬಗ್ಗೆ ಸಂಶಯವಿದ್ದಲ್ಲಿ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಒಣ ಗಾಯವೋ, ತೇವದ ಗಾಯವೋ?

ನಮ್ಮ ಮನೆಗಳ ನಂಬಿಕೆಗೆ ಅತ್ಯಂತ ವಿರುದ್ಧವಾದ ಸೂಚನೆ ಇದು. ರೋಗಾಣುಗಳು ತೇವದಲ್ಲಿ ಬೆಳೆಯುತ್ತವೆ, ಆದ್ದರಿಂದ ಗಾಯವನ್ನು ಒಣಗಿಸಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ತರ್ಕ. ತರ್ಕದಲ್ಲಿ ಮೇಲ್ನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಸ್ಯಾಂಪ್ಸನ್ ಗ್ಯಾಮ್ಜಿ 1880ರಲ್ಲಿ ಎರಡು ಪದರ ಗಾಜ್ ಬಟ್ಟೆಯ ನಡುವೆ ನೀರು ಹೀರುವ ಹತ್ತಿಯನ್ನಿಟ್ಟು ಹೊಸ ಬಗೆಯ ಪಟ್ಟಿ ತಯಾರಿಸಿದ. ಹತ್ತಿಯ ಪಟ್ಟಿ ರಸವನ್ನು ಚೆನ್ನಾಗಿ ಹೀರುತ್ತದೆ, ಆದರೆ ಒಣಗಿದಾಗ ಗಾಯಕ್ಕೆ ಅಂಟಿಕೊಳ್ಳುತ್ತದೆ. ಕಿತ್ತಾಗ ನೋವಿನ ಜೊತೆಗೆ ಹೊಸ ಚರ್ಮವೂ ಎದ್ದುಬರುತ್ತದೆ. ಚಲನಚಿತ್ರದ ಜನಕರೆಂದು ಹೆಸರಾದ ಲುಮಿಯೇರ್ ಸೋದರರಲ್ಲಿ ಹಿರಿಯನಾದ ಆಗಸ್ಟ್ ಲುಮಿಯೇರ್ ಮೊದಲ ಮಹಾಯುದ್ಧದ ಕಾಲದಲ್ಲಿ ಜಾಲರಿ ಬಟ್ಟೆಗೆ ಪ್ಯಾರಾಫಿನ್ ಜಿಡ್ಡು ಲೇಪಿಸಿ ಅಂಟದ ಪಟ್ಟಿಯನ್ನು ರೂಪಿಸಿದ. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಪ್ಯಾರಾಫಿನ್ ಗಾಜ್ ಅದರದೇ ಸಂತತಿ.

ಅಂಟದಿರುವುದು ಅನುಕೂಲದ ಮಾತಾಯಿತು. ತೇವದಲ್ಲಿ ಗಾಯ ಬೇಗ ಮಾಯುತ್ತದೆಯೇ ಎಂಬುದನ್ನು ಅಳೆದು ತೋರಿಸಿದವನು ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾರ್ಜ್ ವಿಂಟರ್. ಅವನು ಎಳೆಯ ಹಂದಿಗಳ ಚರ್ಮದಲ್ಲಿ ಒಂದೇ ಆಳದ ಮೇಲುಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟ, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದ. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ವೇಗದಲ್ಲಿ ಹರಡಿತ್ತು. 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮರುವರ್ಷ ಹಿನ್ಮನ್ ಮತ್ತು ಮೈಬಾಕ್ ಮನುಷ್ಯರಲ್ಲೂ ಇಂಥದೇ ಫಲಿತಾಂಶವನ್ನು ವರದಿ ಮಾಡಿದರು.

ಕಾರಣ ಸರಳವಾಗಿದೆ. ಚರ್ಮದ ಕೋಶಗಳು ಗಾಯದ ಅಂಚಿನಿಂದ ತೆವಳುತ್ತ ನಡುವಿಗೆ ಬರಬೇಕು. ಇದಕ್ಕೆ ತೇವವಾದ ಹಾದಿ ಬೇಕು. ಗಾಯ ಒಣಗಿದಾಗ ಮೇಲೆ ಗಟ್ಟಿ ಹಕ್ಕಳೆ ಕಟ್ಟುತ್ತದೆ, ಅದರ ಕೆಳಗಿನ ಪದರವೂ ಒಣಗಿ ಸಾಯುತ್ತದೆ. ಕೋಶಗಳು ಆ ಒಣ ಪದರದ ಅಡಿಯಲ್ಲಿ ತೇವವಿರುವಷ್ಟು ಆಳಕ್ಕೆ ಇಳಿದು, ದಾರಿ ಕೊರೆದುಕೊಂಡು ಸಾಗಬೇಕಾಗುತ್ತದೆ. ಹಕ್ಕಳೆ ಗಾಯ ಮಾಯುತ್ತಿರುವುದರ ಲಕ್ಷಣ ಎಂದು ನಾವು ತಿಳಿದಿದ್ದೆವು. ವಿಂಟರನ ಪ್ರಯೋಗದಲ್ಲಿ ಅದು ಅಡ್ಡಿಯಾಗಿ ಕಂಡಿತು.

ತೇವವನ್ನು ಉಳಿಸಲು ದುಬಾರಿ ಮುಲಾಮು ಬೇಕಿಲ್ಲ. ಅಮೆರಿಕದ ಚೆಸ್‌ಬ್ರೊ 1872ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿ, ಅಂದರೆ ವ್ಯಾಸಲೀನ್, ಬಾಷ್ಪೀಭವನವನ್ನು ತಡೆಯುತ್ತದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಣ್ಣ ಚರ್ಮ ಶಸ್ತ್ರಚಿಕಿತ್ಸೆಯಾದ 922 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರಿಯ ಪೆಟ್ರೋಲಿಯಂ ಜೆಲ್ಲಿಯನ್ನೂ ಇನ್ನೊಂದಕ್ಕೆ ಬ್ಯಾಸಿಟ್ರಾಸಿನ್ ಎಂಬ ಪ್ರತಿಜೈವಿಕ ಮುಲಾಮನ್ನೂ ಕೊಡಲಾಯಿತು. ಸೋಂಕಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಮುಲಾಮು ಹಚ್ಚಿಕೊಂಡ ಕೆಲವರಲ್ಲಿ ಅಲರ್ಜಿ ಕಾಣಿಸಿತು.

ತೇವ ಎಂದರೆ ನೆನೆದು ತೊಪ್ಪೆಯಾಗುವುದಲ್ಲ ಎಂಬುದನ್ನೂ ಗಮನಿಸಬೇಕು. ಒದ್ದೆಯಾದ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಸುತ್ತಲಿನ ಒಳ್ಳೆಯ ಚರ್ಮ ಬೆಳ್ಳಗೆ ಮೆತ್ತಗಾಗಿ ಕೆಡುತ್ತದೆ. ದಿನಕ್ಕೊಮ್ಮೆ ತೊಳೆದು, ಸುತ್ತಲಿನ ಚರ್ಮವನ್ನು ಒತ್ತಿ ಒರೆಸಿ, ಗಾಯಕ್ಕೆ ತೆಳುವಾಗಿ ಜೆಲ್ಲಿ ಸವರಿ, ಹೊಸ ಪಟ್ಟಿ ಹಾಕಿದರೆ ಸಾಕು. ಮೊದಲ ಪಟ್ಟಿಯನ್ನು ವೈದ್ಯರು ಹೇಳಿದ ದಿನವೇ ಬಿಚ್ಚಬೇಕು. ಅದು ಅಂಟಿದ್ದರೆ ಎಳೆಯದೆ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಬೇಕು.

ಪಾದರಕ್ಷೆ ಮತ್ತು ನೋವು

ಉಗುರು ಒಳಕ್ಕೆ ಬೆಳೆಯಲು ಬಿಗಿಯಾದ ಷೂ ಕೂಡ ಒಂದು ಕಾರಣ. 1781ರಲ್ಲಿ ಹಾಲೆಂಡಿನ ಅಂಗರಚನಾ ವಿಜ್ಞಾನಿ ಪೀಟ್ರಸ್ ಕ್ಯಾಂಪರ್ ಷೂಗಳ ಉತ್ತಮ ಆಕಾರದ ಬಗ್ಗೆಯೇ ಒಂದು ಪ್ರಬಂಧ ಬರೆದ. 1858ರಲ್ಲಿ ಜೂರಿಕ್‌ನ ಹರ್ಮನ್ ಫಾನ್ ಮೇಯರ್ ಷೂಗಳು ಪಾದದ ಆಕಾರವನ್ನು ಅನುಸರಿಸಬೇಕೆಂದು ವಾದಿಸಿದ. ಇಲ್ಲಿ ಕೆಲಸ ಮಾಡುವುದು ಬಲ ಮತ್ತು ವಿಸ್ತೀರ್ಣದ ನಿಷ್ಪತ್ತಿ. 100 ಗ್ರಾಂ ತೂಕದಷ್ಟು, ಅಂದರೆ ಸುಮಾರು 1 ನ್ಯೂಟನ್ ಬಲ 1 ಚದರ ಮಿಲಿಮೀಟರ್ ಅಗಲದ ಉಗುರಿನ ಮೊನೆಯ ಮೂಲಕ ಬಿದ್ದರೆ ಒತ್ತಡ 10 ಲಕ್ಷ ಪಾಸ್ಕಲ್, ವಾತಾವರಣದ ಒತ್ತಡದ ಸುಮಾರು ಹತ್ತರಷ್ಟು. ಗಾಯ ಮಾಯುವವರೆಗೆ ಬೆರಳು ತೆರೆದಿರುವ ಚಪ್ಪಲಿ ನಮ್ಮಲ್ಲಿ ಸುಲಭ. ಶಾಲಾ ಮಕ್ಕಳಿಗೆ ಕೆಲವು ವಾರ ಷೂ ಕಡ್ಡಾಯದಿಂದ ವಿನಾಯಿತಿ ಕೊಡುವುದು ಶಿಕ್ಷಕರ ಕೈಯಲ್ಲಿದೆ.

ಆರೋಗ್ಯವಂತರಿಗೆ ನೋವೇ ಎಚ್ಚರಿಕೆ ನೀಡುತ್ತದೆ. ನೋವೇ ತಿಳಿಯದವರ ಪಾಡೇನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಬೆರಳುಗಳು ಏಕೆ ನಾಶವಾಗುತ್ತವೆ ಎಂಬುದನ್ನು ಅಧ್ಯಯನ ಮಾಡಿದರು. ರೋಗವೇ ಮಾಂಸವನ್ನು ತಿನ್ನುತ್ತದೆ ಎಂಬ ನಂಬಿಕೆ ಸರಿಯಲ್ಲ. ಸ್ಪರ್ಶಜ್ಞಾನ ಹೋಗಿರುವುದರಿಂದ ಒತ್ತಡ, ಸುಡುವಿಕೆ, ಗಾಯಗಳು ಗಮನಕ್ಕೆ ಬಾರದೆ ಅಂಗ ಹಾಳಾಗುತ್ತದೆ ಎಂದು ಅವರು ಕಂಡುಕೊಂಡರು. ಒತ್ತಡವನ್ನು ಹಂಚುವ ಮೃದು ರಬ್ಬರಿನ ಪಾದರಕ್ಷೆಗಳು ಈ ಅರಿವಿನಿಂದ ಬಳಕೆಗೆ ಬಂದವು. ಮಧುಮೇಹದಲ್ಲೂ ಪಾದದ ನರಗಳು ಹೀಗೆಯೇ ಜಡವಾಗಬಹುದು. ಅಂಥವರು ನೋವಿಲ್ಲವೆಂದು ನಿಶ್ಚಿಂತೆಯಿಂದ ಇರಬಾರದು. ದಿನವೂ ಬೆರಳನ್ನು ಕಣ್ಣಿನಿಂದ ನೋಡಬೇಕು, ಅಥವಾ ಮನೆಯವರು ನೋಡಬೇಕು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಶಸ್ತ್ರಚಿಕಿತ್ಸೆಯ ದಿನ ಅರಿವಳಿಕೆ ಇಳಿಯುವವರೆಗೆ ಎಲ್ಲ ರೋಗಿಗಳೂ ಇದೇ ಸ್ಥಿತಿಯಲ್ಲಿರುತ್ತಾರೆ ಎಂಬುದನ್ನು ನೆನಪಿಡಬೇಕು.

ಉಗುರು ಬೆಳೆಯುವ ವೇಗ

ಗಾಯ ಮಾಯ್ದ ಮೇಲೂ ಉಗುರು ಮೊದಲಿನಂತಾಗಲಿಲ್ಲವೆಂದು ಅವಸರಪಡುವವರಿದ್ದಾರೆ. ಅಮೆರಿಕದ ವೈದ್ಯ ವಿಲಿಯಂ ಬೀನ್ ತನ್ನ ಎಡ ಹೆಬ್ಬೆರಳಿನ ಉಗುರಿನ ಬೆಳವಣಿಗೆಯನ್ನು 35 ವರ್ಷ ಅಳೆದು 1980ರಲ್ಲಿ ವರದಿ ಮಾಡಿದ. 32ನೆಯ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಇದ್ದ ವೇಗ 67ನೆಯ ವಯಸ್ಸಿಗೆ 0.095ಕ್ಕೆ ಇಳಿದಿತ್ತು. ಇದು ಕೈಬೆರಳಿನ ಲೆಕ್ಕ. ಕಾಲಿನ ಉಗುರುಗಳು ಇನ್ನೂ ನಿಧಾನ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಬೇಕು. ಫೀನಾಲ್ ಸವರಿದ ಪಕ್ಕದಲ್ಲಿ ಉಗುರು ಬೆಳೆಯದು. ಉಳಿದ ಉಗುರು ಶಾಶ್ವತವಾಗಿ ಸ್ವಲ್ಪ ಕಿರಿದಾಗಿರುತ್ತದೆ. ಅದನ್ನು ಮೂಲೆಗಳಲ್ಲಿ ಬಗ್ಗಿಸಿ ಆಳಕ್ಕೆ ಕತ್ತರಿಸದೆ ನೇರವಾಗಿ ಕತ್ತರಿಸಬೇಕು.

ಎಲ್ಲಿಗೆ ಬಂದಿದ್ದೇವೆ?

ಚಿಕಿತ್ಸೆಗಳ ಪುರಾವೆಯನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಒಳಬೆಳೆದ ಉಗುರಿನ ಚಿಕಿತ್ಸೆಯ 24 ಅಧ್ಯಯನಗಳನ್ನು, ಒಟ್ಟು 2,826 ರೋಗಿಗಳ ಫಲಿತಾಂಶಗಳನ್ನು, ಒಟ್ಟುಗೂಡಿಸಿ ಪರಿಶೀಲಿಸಿತು. ಶಸ್ತ್ರಚಿಕಿತ್ಸೆಯೊಂದಿಗೆ ಫೀನಾಲ್ ಬಳಸಿದರೆ ತೊಂದರೆ ಮರುಕಳಿಸುವುದು ಬಹುಶಃ ಕಡಿಮೆ ಎಂದು ಅದರಿಂದ ತಿಳಿಯಿತು. ಆದರೆ ಶಸ್ತ್ರಚಿಕಿತ್ಸೆಯ ನಂತರ ಪರೀಕ್ಷಿಸಿದ್ದ ವಿಶೇಷ ಉಪಚಾರಗಳಾವುವೂ ಸೋಂಕನ್ನಾಗಲಿ ನೋವನ್ನಾಗಲಿ ಮಾಯುವ ಅವಧಿಯನ್ನಾಗಲಿ ಕಡಿಮೆ ಮಾಡಿದ್ದು ಕಾಣಲಿಲ್ಲ. ಹೆಬ್ಬೆರಳಿನ ಗಾಯಕ್ಕೆ ಪವಾಡದ ಮದ್ದು ಇದುವರೆಗೆ ಸಿಕ್ಕಿಲ್ಲ ಎಂದರ್ಥ. ಶುದ್ಧ ಕೈ, ಶುದ್ಧ ನೀರು, ಅಂಟದ ಪಟ್ಟಿ, ಎತ್ತರದಲ್ಲಿಟ್ಟ ಕಾಲು, ಅಗಲವಾದ ಪಾದರಕ್ಷೆ ಇಷ್ಟೇ ನಮ್ಮ ಕೈಲಿರುವುದು. ಬಹುಪಾಲು ಜನರಿಗೆ ಅಷ್ಟೇ ಸಾಕಾಗುತ್ತದೆ.

ಎಲ್ಲಿ ಸಾಕಾಗುವುದಿಲ್ಲ ಎಂಬುದೂ ತಿಳಿದಿರಬೇಕು. ಎರಡು ಮೂರು ದಿನಗಳ ನಂತರ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೆಂಪು ಬೆರಳನ್ನು ದಾಟಿ ಪಾದಕ್ಕೆ ಹರಡುತ್ತಿದ್ದರೆ, ದುರ್ವಾಸನೆಯ ದಪ್ಪ ಕೀವು ಬಂದರೆ, ಜ್ವರ ಬಂದರೆ, ಹದಿನೈದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬೆರಳು ನೀಲಿ ಅಥವಾ ಕಪ್ಪಾದರೆ ಮನೆ ಆರೈಕೆ ಅಲ್ಲಿಗೆ ಮುಗಿಯಿತು. ವೈದ್ಯರ ಬಳಿಗೆ ಹೋಗಬೇಕು. ಮಧುಮೇಹಿಗಳು ಇವುಗಳಲ್ಲಿ ಒಂದರ ಸುಳಿವು ಸಿಕ್ಕಿದರೂ ಅದೇ ದಿನ ಹೋಗಬೇಕು.

ಕುದುರೆಯ ರಕ್ತನಾಳಕ್ಕೆ ಹೇಲ್ಸ್ ಗಾಜಿನ ನಳಿಗೆ ಜೋಡಿಸಿದಾಗ, ಫ್ಲೆಮಿಂಗ್ ಪ್ರನಾಳದಲ್ಲಿ ಮುಳ್ಳು ಎಳೆದಾಗ, ವಿಂಟರ್ ಪಾಲಿಥೀನ್ ಹಾಳೆ ಹೊದಿಸಿದಾಗ ಹೆಬ್ಬೆರಳಿನ ಉಗುರು ಅವರ ಮನಸ್ಸಿನಲ್ಲಿ ಇರಲಿಲ್ಲ. ಆದರೂ ಅವರು ಅಳೆದದ್ದು ಇಂದು ಒಂದು ಚೀಟಿಯ ನಾಲ್ಕಾರು ಸಾಲುಗಳಲ್ಲಿ ನಮ್ಮ ಮನೆಗೆ ಬಂದಿದೆ. ಆ ಸಾಲುಗಳ ಕಾರಣವನ್ನು ತರಗತಿಯಲ್ಲಿ ತಿಳಿಸಿದರೆ, ಮನೆಯಲ್ಲಿ ಯಾರಾದರೂ ‘ಗಾಳಿಗೆ ಬಿಡು’ ಎಂದಾಗ ಅಜ್ಜನ ಬೆರಳಿಗೆ ಪಟ್ಟಿ ಕಟ್ಟುತ್ತಿರುವ ಹುಡುಗಿಯೇ ಏಕೆ ಬಿಡಬಾರದು ಎಂದು ವಿವರಿಸಬಲ್ಲಳು.